ರ‍್ಯಾಂಚರ್ ಸರ್ವರನ್ನು ಹೊಸ ಕ್ಲಸ್ಟರ್‌ಗೆ ಸಾಗಿಸುವಾಗ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ನಮ್ಮ ಕಂಪನಿಯಲ್ಲಿ, ಹಲವು ಕುಬರ್ನೆಟಿಸ್ ಕ್ಲಸ್ಟರ್‌ಗಳನ್ನು (ಅಪ್ಲಿಕೇಶನ್‌ಗಳನ್ನು ಓಡಿಸುವ ಯಂತ್ರಗಳ ಗುಂಪುಗಳನ್ನು) ಒಂದೇ ಕಡೆಯಿಂದ ನೋಡಿಕೊಳ್ಳುವ ರ‍್ಯಾಂಚರ್ 2.8 ಇದೆ. ಸೆಂಟ್‌ಓಎಸ್ 7 ಇರುವ ಮೂರು ಯಂತ್ರಗಳ ಹಳೆಯ ಆರ್‌ಕೆಇ (ರ‍್ಯಾಂಚರ್‌ನವರದೇ ಕುಬರ್ನೆಟಿಸ್) ಕ್ಲಸ್ಟರ್ ಮೇಲೆ ಅದು ಓಡುತ್ತಿದೆ. ಅದರ ಕೈಕೆಳಗೆ 11 ಕ್ಲಸ್ಟರ್‌ಗಳಿವೆ. ಏಳನ್ನು ರ‍್ಯಾಂಚರ್ ಮೂಲಕವೇ ವಿಸ್ಫಿಯರ್ (ವರ್ಚುವಲ್ ಯಂತ್ರಗಳನ್ನು ನಡೆಸುವ ವ್ಯವಸ್ಥೆ) ಮೇಲೆ ಕಟ್ಟಿದ್ದೇವೆ, ಅವೆಲ್ಲ ಆರ್‌ಕೆಇಯ ಹೊಸ ಪೀಳಿಗೆಯಾದ ಆರ್‌ಕೆಇ2. ಉಳಿದ ನಾಲ್ಕನ್ನು ಬೇರೆ ಕಡೆ ಕಟ್ಟಿ ಆಮೇಲೆ ಇಂಪೋರ್ಟ್ ಮಾಡಿಕೊಂಡಿದ್ದೇವೆ. ಈಗ ರ‍್ಯಾಂಚರನ್ನು ಹೊಸ ಆರ್‌ಕೆಇ2 ಕ್ಲಸ್ಟರ್‌ಗೆ ಸಾಗಿಸಬೇಕು. ಹೊಸದಾಗಿ ಇನ್‌ಸ್ಟಾಲ್ ಮಾಡಿ ಎಲ್ಲ ಕ್ಲಸ್ಟರ್‌ಗಳನ್ನೂ ಮತ್ತೆ ಇಂಪೋರ್ಟ್ ಮಾಡಿದರಾಯ್ತು ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ. ಅದು ಸರಿಯಾ? ಸಾಗಿಸುವಾಗ ಅಪ್ಲಿಕೇಶನ್‌ಗಳು ನಿಲ್ಲುತ್ತವಾ? ಹೇಗೂ ಬದಲಾಯಿಸುತ್ತಿದ್ದೇವೆ, ಜೊತೆಗೆ ಹೋಸ್ಟ್‌ನೇಮ್ ಕೂಡ ಬದಲಾಯಿಸಿಬಿಡಬಹುದಾ?

ಉತ್ತರ: ನಿಮಗೆ ಜಾಸ್ತಿ ಚಿಂತೆ ಇರುವುದು ಅಪ್ಲಿಕೇಶನ್‌ಗಳ ಬಗ್ಗೆ ಅನಿಸುತ್ತದೆ, ಅದನ್ನೇ ಮೊದಲು ಹೇಳುತ್ತೇನೆ. ಅವು ನಿಲ್ಲುವುದಿಲ್ಲ. ನಿಮ್ಮ 11 ಕ್ಲಸ್ಟರ್‌ಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಎಟ್‌ಸಿಡಿ (ಕ್ಲಸ್ಟರ್‌ನ ದಾಖಲೆಗಳ ಡೇಟಾಬೇಸ್) ಇದೆ, ತನ್ನದೇ ಎಪಿಐ ಸರ್ವರ್ ಇದೆ, ತನ್ನದೇ ಶೆಡ್ಯೂಲರ್ ಇದೆ. ರ‍್ಯಾಂಚರ್ ಒಂದು ದಿನ ಪೂರ್ತಿ ಮಲಗಿದ್ದರೂ ಪಾಡ್‌ಗಳು, ಅಂದರೆ ಅಪ್ಲಿಕೇಶನ್ ಓಡುವ ಪುಟ್ಟ ಘಟಕಗಳು, ಓಡುತ್ತಲೇ ಇರುತ್ತವೆ. ಒಂದು ಪಾಡ್ ಬಿದ್ದರೆ ಅಲ್ಲಿಯ ಕುಬರ್ನೆಟಿಸ್ಸೇ ಅದನ್ನು ಎಬ್ಬಿಸುತ್ತದೆ, ಅದಕ್ಕೆ ರ‍್ಯಾಂಚರ್ ಬೇಕಾಗಿಲ್ಲ.

ಹಾಗಂತ ಯಾರಿಗೂ ಹೇಳದೆ ಮಾಡುವ ಕೆಲಸವೂ ಇದಲ್ಲ. ರ‍್ಯಾಂಚರ್ ಇಲ್ಲದ ಆ ಒಂದೆರಡು ಗಂಟೆ ಕೆಲವು ಕೆಲಸಗಳು ನಿಲ್ಲುತ್ತವೆ. ರ‍್ಯಾಂಚರ್‌ನಿಂದ ಡೌನ್‌ಲೋಡ್ ಮಾಡಿಕೊಂಡ ಕ್ಯೂಬ್‌ಕಾನ್ಫಿಗ್‌ನಲ್ಲಿ (ಕ್ಲಸ್ಟರ್‌ಗೆ ಹೋಗುವ ವಿಳಾಸ, ಗುರುತು ಇರುವ ಫೈಲ್) ಇರುವುದು ರ‍್ಯಾಂಚರ್‌ನ ವಿಳಾಸ. ಹಾಗಾಗಿ ಡೆವಲಪರ್‌ಗಳು ಕ್ಲಸ್ಟರ್‌ಗೆ ಆದೇಶ ಕೊಡುವ ಕ್ಯೂಬ್‌ಸಿಟಿಎಲ್ ಕಮಾಂಡ್ ಕೆಲಸ ಮಾಡುವುದಿಲ್ಲ. ರ‍್ಯಾಂಚರ್ ಟೋಕನ್ ಇಟ್ಟುಕೊಂಡು ಡಿಪ್ಲಾಯ್ ಮಾಡುವ ಪೈಪ್‌ಲೈನ್‌ಗಳು ಫೇಲ್ ಆಗುತ್ತವೆ. ಫ್ಲೀಟ್ (ರ‍್ಯಾಂಚರ್‌ನ ಡಿಪ್ಲಾಯ್ ಸಾಧನ) ಮೂಲಕ ಗಿಟ್‌ನಿಂದ ಬರುವ ಬದಲಾವಣೆಗಳು ಹೋಗುವುದಿಲ್ಲ. ಹೊಸ ನೋಡ್ (ಕ್ಲಸ್ಟರ್‌ನ ಯಂತ್ರ) ಸೇರಿಸಲು ಆಗುವುದಿಲ್ಲ. ಆದ್ದರಿಂದ ಎಲ್ಲ ಟೀಮ್‌ಗಳಿಗೂ ಎರಡು ದಿನ ಮುಂಚೆಯೇ ಹೇಳಿ: ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಡಿಪ್ಲಾಯ್‌ಮೆಂಟ್ ಇಲ್ಲ.

ಇನ್ನೊಂದು ಮುನ್ನೆಚ್ಚರಿಕೆ. ಪ್ರತಿ ಕ್ಲಸ್ಟರ್‌ಗೂ ನೇರವಾಗಿ ಹೋಗುವ ಒಂದು ಕ್ಯೂಬ್‌ಕಾನ್ಫಿಗ್ ನಿಮ್ಮ ಕೈಯಲ್ಲಿರಲಿ. ಆರ್‌ಕೆಇ2 ಆದರೆ ಕಂಟ್ರೋಲ್ ಪ್ಲೇನ್ (ಕ್ಲಸ್ಟರನ್ನು ನಡೆಸುವ) ನೋಡ್ ಒಳಗೆ ಇಟಿಸಿ ಡೈರೆಕ್ಟರಿಯ ರ‍್ಯಾಂಚರ್ ಫೋಲ್ಡರಿನಲ್ಲಿ ಅದು ಸಿಗುತ್ತದೆ. ಅದರಲ್ಲಿರುವ ಲೋಕಲ್ ವಿಳಾಸದ ಜಾಗದಲ್ಲಿ ನೋಡ್‌ನ ಐಪಿ ಹಾಕಿದರೆ ನಿಮ್ಮ ಲ್ಯಾಪ್‌ಟಾಪಿನಿಂದಲೇ ಬಳಸಬಹುದು. ರ‍್ಯಾಂಚರ್ ಇಲ್ಲದಾಗ ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಇದೇ ದಾರಿ.

ಈಗ ನಿಮ್ಮ ಮ್ಯಾನೇಜರ್ ಹೇಳಿದ ಮಾತಿಗೆ ಬರೋಣ. ಮೊದಲ ನೋಟಕ್ಕೆ ಅದು ಸುಲಭವಾಗಿ ಕಾಣುತ್ತದೆ. ಆದರೆ ನಿಮ್ಮ ಪರಿಸ್ಥಿತಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ.

ರ‍್ಯಾಂಚರ್ ಪ್ರತಿ ಕ್ಲಸ್ಟರ್‌ಗೂ ಒಂದು ಐಡಿ ಕೊಡುತ್ತದೆ. ಸಿ ಅಕ್ಷರದಿಂದ ಶುರುವಾಗಿ, ಅಡ್ಡಗೆರೆ ಆದಮೇಲೆ ಒಂದಿಷ್ಟು ಅಕ್ಷರ ಇರುವ ಹೆಸರು ಅದು. ನಿಮ್ಮ ಇಡೀ ವ್ಯವಸ್ಥೆಯನ್ನು ಹೊಲಿದಿರುವ ದಾರ ಈ ಐಡಿ. ಯಾರಿಗೆ ಯಾವ ಕ್ಲಸ್ಟರ್‌ನಲ್ಲಿ ಏನು ಅಧಿಕಾರ ಅನ್ನುವುದನ್ನು ಈ ಐಡಿ ಹಿಡಿದೇ ಬರೆದಿರುತ್ತಾರೆ. ಪ್ರಾಜೆಕ್ಟ್‌ಗಳು, ಅಂದರೆ ನೇಮ್‌ಸ್ಪೇಸ್‌ಗಳ (ಕ್ಲಸ್ಟರ್ ಒಳಗಿನ ವಿಭಾಗಗಳ) ಗುಂಪುಗಳು, ಇದರ ಕೆಳಗೆ ಬರುತ್ತವೆ. ನಿಮ್ಮ ಕ್ಲಸ್ಟರ್‌ಗಳ ಒಂದೊಂದು ನೇಮ್‌ಸ್ಪೇಸ್ ಮೇಲೂ ಅದು ಯಾವ ಕ್ಲಸ್ಟರ್‌ನ ಯಾವ ಪ್ರಾಜೆಕ್ಟಿಗೆ ಸೇರಿದ್ದು ಅಂತ ಟಿಪ್ಪಣಿ ಅಂಟಿಕೊಂಡಿರುತ್ತದೆ, ಅದರಲ್ಲೂ ಇದೇ ಐಡಿ. ಡೆವಲಪರ್‌ಗಳ ಕ್ಯೂಬ್‌ಕಾನ್ಫಿಗ್‌ನಲ್ಲೂ ಇದೇ ಐಡಿ. ಹೊಸ ರ‍್ಯಾಂಚರ್‌ಗೆ ಇಂಪೋರ್ಟ್ ಮಾಡಿದರೆ ಹೊಸ ಐಡಿ ಹುಟ್ಟುತ್ತದೆ. ಹಳೆಯ ದಾರ ಎಲ್ಲ ಕಡೆಯೂ ಒಟ್ಟಿಗೇ ಕಡಿದುಹೋಗುತ್ತದೆ. ನೇಮ್‌ಸ್ಪೇಸ್‌ಗಳು ಪ್ರಾಜೆಕ್ಟಿನಿಂದ ಹೊರಗೆ ಬಿದ್ದಿರುತ್ತವೆ, ಅಧಿಕಾರಗಳನ್ನು ಒಂದೊಂದಾಗಿ ಮತ್ತೆ ಕೊಡಬೇಕು, ಎಲ್ಲರೂ ಹೊಸ ಕ್ಯೂಬ್‌ಕಾನ್ಫಿಗ್ ತೆಗೆದುಕೊಳ್ಳಬೇಕು.

ಇಂಪೋರ್ಟ್ ಮಾಡಿದ ನಾಲ್ಕು ಕ್ಲಸ್ಟರ್‌ಗಳಿಗೆ ಇಷ್ಟು ಕಷ್ಟ ಪಟ್ಟರೆ ಮುಗಿಯುತ್ತದೆ. ವಿಸ್ಫಿಯರ್ ಮೇಲೆ ಕಟ್ಟಿದ ಏಳರ ಕಥೆಯೇ ಬೇರೆ. ಆ ಯಂತ್ರಗಳನ್ನು ಹುಟ್ಟಿಸಿದ್ದು ರ‍್ಯಾಂಚರ್. ಅವುಗಳ ಎಸ್‌ಎಸ್‌ಎಚ್ ಕೀ, ಯಾವ ಯಂತ್ರ ಯಾವ ಪೂಲಿನದು, ಯಾವ ಟೆಂಪ್ಲೇಟಿನಿಂದ ಬಂದದ್ದು, ವಿಸ್ಫಿಯರ್‌ಗೆ ಲಾಗಿನ್ ಆಗುವ ಗುರುತು, ಎಲ್ಲವೂ ರ‍್ಯಾಂಚರ್ ಓಡುವ ಕ್ಲಸ್ಟರ್ ಒಳಗೇ ಇವೆ. ಹೆಚ್ಚಿನದು ಫ್ಲೀಟ್-ಡೀಫಾಲ್ಟ್ ಅನ್ನುವ ನೇಮ್‌ಸ್ಪೇಸ್‌ನಲ್ಲಿರುತ್ತದೆ. ಹೊಸ ರ‍್ಯಾಂಚರ್ ಈ ಏಳನ್ನೂ ಯಾರೋ ಎಲ್ಲೋ ಕಟ್ಟಿದ ಕ್ಲಸ್ಟರ್ ಅಂತಲೇ ನೋಡುತ್ತದೆ. ನೋಡ್ ಪೂಲ್ ಇರುವುದಿಲ್ಲ. ಪ್ಲಸ್ ಬಟನ್ ಒತ್ತಿ ಯಂತ್ರ ಸೇರಿಸುವ ಸುಖ ಮತ್ತೆ ಸಿಗುವುದಿಲ್ಲ.

ಹಾಗಾಗಿ ಸಾಗಿಸಬೇಕಾಗಿರುವುದು ರ‍್ಯಾಂಚರ್ ಅನ್ನುವ ಸಾಫ್ಟ್‌ವೇರನ್ನಲ್ಲ. ಅದನ್ನು ಹೆಲ್ಮ್‌ನಲ್ಲಿ (ಕುಬರ್ನೆಟಿಸ್ ಮೇಲೆ ಸಾಫ್ಟ್‌ವೇರ್ ಹಾಕುವ ಸಾಧನ) ಐದು ನಿಮಿಷಕ್ಕೆ ಹಾಕಬಹುದು. ಸಾಗಿಸಬೇಕಾಗಿರುವುದು ಅದರ ಲೆಕ್ಕದ ಪುಸ್ತಕವನ್ನು. ಆ ಪುಸ್ತಕ ಒಂದಕ್ಷರ ತಪ್ಪದೆ ಹೊಸ ಮನೆಗೆ ಹೋಗಬೇಕು, ವಿಳಾಸ ಮೊದಲಿನದೇ ಆಗಿರಬೇಕು, ಒಂದು ಹೊತ್ತಿನಲ್ಲಿ ಒಬ್ಬರೇ ಅದರಲ್ಲಿ ಬರೆಯಬೇಕು.

ಮುಂದೆ ಹೋಗುವ ಮೊದಲು ಇದೇ ಕೆಲಸ ಮಾಡಲಿರುವ ಬೇರೆ ಓದುಗರಿಗೆ ಒಂದು ಮಾತು. ಬರೀ ಯಂತ್ರಗಳು ಹಳೆಯವಾಗಿದ್ದು, ಕ್ಲಸ್ಟರ್ ಈಗಾಗಲೇ ಆರ್‌ಕೆಇ2 ಅಥವಾ ಕೆ3ಎಸ್ (ಹಗುರವಾದ ಇನ್ನೊಂದು ಕುಬರ್ನೆಟಿಸ್) ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಹೊಸ ನೋಡ್ ಒಂದನ್ನು ಸೇರಿಸಿ, ಎಟ್‌ಸಿಡಿ ಅದನ್ನು ಒಪ್ಪಿಕೊಂಡ ಮೇಲೆ ಹಳೆಯದೊಂದನ್ನು ತೆಗೆಯಿರಿ. ಹೀಗೆ ಒಂದೊಂದಾಗಿ ಮೂರನ್ನೂ ಬದಲಾಯಿಸಿದರೆ ರ‍್ಯಾಂಚರ್ ನಿಲ್ಲುವುದೂ ಇಲ್ಲ. ಆದರೆ ಪ್ರಶ್ನೆ ಕೇಳಿದ ನಿಮಗೆ ಈ ದಾರಿ ಇಲ್ಲ. ಆರ್‌ಕೆಇ ಮತ್ತು ಆರ್‌ಕೆಇ2 ನೋಡ್‌ಗಳನ್ನು ಒಂದೇ ಕ್ಲಸ್ಟರ್‌ನಲ್ಲಿ ಬೆರೆಸಲು ಬರುವುದಿಲ್ಲ. ಸೆಂಟ್‌ಓಎಸ್ 7 ರ ಕಾಲ 2024 ರ ಜೂನ್ 30 ಕ್ಕೆ ಮುಗಿಯಿತು, ಹಳೆಯ ಆರ್‌ಕೆಇ ಕಾಲ 2025 ರ ಜುಲೈ 31 ಕ್ಕೆ ಮುಗಿಯಿತು. ನೀವು ಹೊರಟಿರುವುದು ಸರಿಯಾಗಿಯೇ ಇದೆ.

ಲೆಕ್ಕದ ಪುಸ್ತಕ ಸಾಗಿಸಲು ರ‍್ಯಾಂಚರ್‌ನವರೇ ಮಾಡಿದ ಸಾಧನ ಇದೆ, ರ‍್ಯಾಂಚರ್-ಬ್ಯಾಕಪ್ ಅನ್ನುವ ಆಪರೇಟರ್ (ಕ್ಲಸ್ಟರ್ ಒಳಗೇ ಓಡುತ್ತಾ ಒಂದು ಕೆಲಸ ನೋಡಿಕೊಳ್ಳುವ ಪ್ರೋಗ್ರಾಂ). ರ‍್ಯಾಂಚರ್ 2.5 ರಿಂದ ಇದು ಸಿಗುತ್ತಿದೆ. ಎಟ್‌ಸಿಡಿಯ ಪೂರ್ತಿ ಸ್ನ್ಯಾಪ್‌ಶಾಟ್ ತೆಗೆಯುವ ಬದಲು ಇದು ರ‍್ಯಾಂಚರ್‌ಗೆ ಸಂಬಂಧಪಟ್ಟ ವಸ್ತುಗಳನ್ನು ಮಾತ್ರ ಆರಿಸಿ ಒಂದು ಗಂಟು ಕಟ್ಟುತ್ತದೆ: ಯೂಸರ್‌ಗಳು, ಅಧಿಕಾರಗಳು, ಕ್ಲಸ್ಟರ್ ದಾಖಲೆಗಳು, ಟೋಕನ್‌ಗಳು, ಸೆಟ್ಟಿಂಗ್‌ಗಳು. ಹಳೆಯ ಯಂತ್ರಗಳ ನೆನಪು ಅದರಲ್ಲಿ ಇರುವುದಿಲ್ಲ. ಆದ್ದರಿಂದಲೇ ಆ ಗಂಟನ್ನು ಬೇರೆ ಬಗೆಯ ಕುಬರ್ನೆಟಿಸ್ ಮೇಲೂ ಬಿಚ್ಚಬಹುದು. ಏನು ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಳೆಯ ಕ್ಲಸ್ಟರ್ ಮೇಲೆ ನೀವು ಬೇರೆ ಏನಾದರೂ ಓಡಿಸುತ್ತಿದ್ದರೆ, ಪ್ರೊಮಿಥಿಯಸ್ ಇರಬಹುದು, ನಿಮ್ಮದೇ ಪುಟ್ಟ ಸ್ಕ್ರಿಪ್ಟ್ ಇರಬಹುದು, ಅದು ಈ ಗಂಟಿನಲ್ಲಿ ಇರುವುದಿಲ್ಲ. ಕೆಳಗಿನ 11 ಕ್ಲಸ್ಟರ್‌ಗಳ ಎಟ್‌ಸಿಡಿಯೂ ಇರುವುದಿಲ್ಲ. ಅವುಗಳ ಸ್ನ್ಯಾಪ್‌ಶಾಟನ್ನು ಹಿಂದಿನ ದಿನವೇ ಬೇರೆಯಾಗಿ ತೆಗೆದಿಡಿ.

ಆಪರೇಟರ್‌ನ ಆವೃತ್ತಿ ನಿಮ್ಮ ರ‍್ಯಾಂಚರ್‌ಗೆ ಹೊಂದಬೇಕು. 2.8 ಕ್ಕೆ ಬೇಕಾದ ಹೆಲ್ಮ್ ಚಾರ್ಟಿನ (ಇನ್‌ಸ್ಟಾಲ್ ಪ್ಯಾಕೇಜಿನ) ಸಂಖ್ಯೆ 103 ರಿಂದ ಶುರುವಾಗುತ್ತದೆ. ಗಂಟನ್ನು ಎಸ್3 (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ) ಬಗೆಯ ಸ್ಟೋರೇಜ್‌ನಲ್ಲಿ ಇಡಿ. ಕ್ಲೌಡ್ ಇಲ್ಲದಿದ್ದರೆ ನಿಮ್ಮದೇ ಯಂತ್ರದಲ್ಲಿ ಓಡಿಸಬಹುದಾದ ಮಿನಿಯೋ ಸಾಕು. ಹಳೆಯ ಕ್ಲಸ್ಟರ್‌ನ ಡಿಸ್ಕಿನಲ್ಲೇ ಇಟ್ಟರೆ ಹೊಸ ಕಡೆಯಿಂದ ಅದನ್ನು ತಲುಪಲು ಒದ್ದಾಡಬೇಕಾಗುತ್ತದೆ. ಮಿನಿಯೋಗೆ ನೀವೇ ಸಹಿ ಮಾಡಿದ ಸರ್ಟಿಫಿಕೇಟ್ ಇದ್ದರೆ ಆ ಸಿಎಯನ್ನೂ (ಸಹಿ ಮಾಡಿದ ಮೂಲ ಸರ್ಟಿಫಿಕೇಟನ್ನೂ) ಬ್ಯಾಕಪ್ ವಿವರದಲ್ಲಿ ಕೊಡಬೇಕು, ಎಂಡ್‌ಪಾಯಿಂಟ್ ಸಿಎ ಅಂತ ಅದಕ್ಕೊಂದು ಜಾಗ ಇದೆ.

ಎನ್‌ಕ್ರಿಪ್ಶನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎನ್‌ಕ್ರಿಪ್ಶನ್ ಹಾಕದೆ ಬ್ಯಾಕಪ್ ತೆಗೆದರೆ ಒಳಗಿನ ಸೀಕ್ರೆಟ್‌ಗಳು ಯಾರು ಬೇಕಾದರೂ ಬಿಡಿಸಬಹುದಾದ ಬರೀ ಬೇಸ್64 ರೂಪದಲ್ಲಿರುತ್ತವೆ. ಆ ಫೈಲ್ ಸಿಕ್ಕವರಿಗೆ ನಿಮ್ಮ ವಿಸ್ಫಿಯರ್ ಪಾಸ್‌ವರ್ಡ್ ಸಿಕ್ಕ ಹಾಗೆಯೇ. ಆದ್ದರಿಂದ ಎನ್‌ಕ್ರಿಪ್ಶನ್ ಬೇಕೇ ಬೇಕು. ಆದರೆ ಅದರ ಕೀ ಹಳೆಯ ಕ್ಲಸ್ಟರ್ ಒಳಗೆ, ಕ್ಯಾಟಲ್-ರಿಸೋರ್ಸಸ್-ಸಿಸ್ಟಮ್ ನೇಮ್‌ಸ್ಪೇಸ್‌ನಲ್ಲಿ ಒಂದು ಸೀಕ್ರೆಟ್ ಆಗಿರುತ್ತದೆ. ಗಂಟಿನೊಳಗೆ ಅದು ಬರುವುದಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಲು ಆಗುವುದಿಲ್ಲ ಅಲ್ವಾ? ಆ ಕೀಯನ್ನು ಹಳೆಯ ಕ್ಲಸ್ಟರ್ ಇನ್ನೂ ಜೀವಂತ ಇರುವಾಗಲೇ ತೆಗೆದು, ನಿಮ್ಮ ಟೀಮಿನ ಪಾಸ್‌ವರ್ಡ್ ವಾಲ್ಟ್‌ನಲ್ಲಿ ಇಡಿ. ಇದನ್ನು ಕಳೆದುಕೊಂಡರೆ ಆ ಬ್ಯಾಕಪ್‌ನಿಂದ ಏನೂ ವಾಪಸ್ ಬರುವುದಿಲ್ಲ. ಯಾವ ಸಪೋರ್ಟ್ ಟೀಮ್ ಬಂದರೂ ಬರುವುದಿಲ್ಲ.

ಇನ್ನು ಹೊಸ ಕ್ಲಸ್ಟರ್. ಆರ್‌ಕೆಇ2 ಅಂದಿದ್ದೀರಿ, ಒಳ್ಳೆಯ ಆಯ್ಕೆ. ಹಳೆಯ ಆರ್‌ಕೆಇಯಲ್ಲಿದ್ದ ಹಾಗೆ ಇದರಲ್ಲೂ ಎಂಜಿನ್‌ಎಕ್ಸ್ ಇನ್‌ಗ್ರೆಸ್ (ಹೊರಗಿನ ವೆಬ್ ಕೋರಿಕೆಗಳನ್ನು ಒಳಗೆ ಬಿಡುವ ಬಾಗಿಲು) ಜೊತೆಗೇ ಬರುತ್ತದೆ. ಕೆ3ಎಸ್ ಆಗಿದ್ದರೆ ಟ್ರಾಫಿಕ್ (Traefik) ಅನ್ನುವ ಬೇರೆ ಇನ್‌ಗ್ರೆಸ್ ಬರುತ್ತಿತ್ತು, ನಿಮ್ಮ ಇನ್‌ಗ್ರೆಸ್ ಟಿಪ್ಪಣಿಗಳನ್ನು ಮತ್ತೆ ನೋಡಬೇಕಾಗುತ್ತಿತ್ತು. ಕುಬರ್ನೆಟಿಸ್ ಆವೃತ್ತಿ ಆರಿಸುವಾಗ ಮಾತ್ರ ಆಸೆ ಪಡಬೇಡಿ. ಸಿಕ್ಕಿದ್ದರಲ್ಲಿ ಹೊಸದನ್ನೇ ಹಾಕೋಣ ಅನಿಸುತ್ತದೆ. ಆದರೆ ರ‍್ಯಾಂಚರ್ ಚಾರ್ಟಿನ ಒಳಗೇ ಕುಬರ್ನೆಟಿಸ್‌ನ ಮಿತಿ ಬರೆದಿರುತ್ತಾರೆ. 2.8 ಆದರೆ ಕುಬರ್ನೆಟಿಸ್ 1.28 ರವರೆಗೆ. ಅದಕ್ಕಿಂತ ಮೇಲಿನದನ್ನು ಹಾಕಿದ್ದರೆ ಹೆಲ್ಮ್ ಇನ್‌ಸ್ಟಾಲ್ ಮಾಡಲು ಒಪ್ಪುವುದೇ ಇಲ್ಲ. ಇದು ಗೊತ್ತಾಗುವುದು ಕೊನೆಯ ಹೆಜ್ಜೆಯಲ್ಲಿ, ಹಳೆಯದನ್ನು ನಿಲ್ಲಿಸಿ ಆದಮೇಲೆ.

ರ‍್ಯಾಂಚರ್ ಆವೃತ್ತಿಗೂ ಇದೇ ಮಾತು. ಹಳೆಯ ಕಡೆ ಯಾವ ಆವೃತ್ತಿ ಇದೆಯೋ ಹೊಸ ಕಡೆಯೂ ಅದೇ, ಕೊನೆಯ ಅಂಕಿಯವರೆಗೂ ಅದೇ. ಅಪ್‌ಗ್ರೇಡ್ ಬೇಕಿದ್ದರೆ ಸಾಗಿಸುವ ಮೊದಲು ಮಾಡಿ ಒಂದು ವಾರ ನೋಡಿ, ಇಲ್ಲವೇ ಸಾಗಿಸಿ ಎಲ್ಲ ಸರಿಹೋದ ಮೇಲೆ ಮಾಡಿ. ಎರಡನ್ನೂ ಒಂದೇ ರಾತ್ರಿ ಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಬಂತು ಅಂತ ಹೇಳಲು ಆಗುವುದಿಲ್ಲ.

ಹಳೆಯ ಕಡೆಯಿಂದ ಇನ್ನೆರಡು ವಸ್ತು ಬೇಕು. ಒಂದು, ರ‍್ಯಾಂಚರ್‌ನ ಹೆಲ್ಮ್ ವ್ಯಾಲ್ಯೂಗಳು. ಹೆಲ್ಮ್ ಗೆಟ್ ವ್ಯಾಲ್ಯೂಸ್ ಕಮಾಂಡ್ ಕೊಟ್ಟು ಫೈಲಿಗೆ ಬರೆದಿಟ್ಟುಕೊಳ್ಳಿ. ಮೂರು ವರ್ಷದ ಹಿಂದೆ ಯಾರೋ ಹಾಕಿದ ಪ್ರಾಕ್ಸಿ ಸೆಟ್ಟಿಂಗ್, ಆಡಿಟ್ ಲಾಗ್, ಖಾಸಗಿ ರಿಜಿಸ್ಟ್ರಿಯ ವಿಳಾಸ ಎಲ್ಲ ಅದರಲ್ಲಿ ಸಿಗುತ್ತದೆ. ನೆನಪಿನಿಂದ ಬರೆಯಲು ಹೋಗಬೇಡಿ.

ಎರಡನೆಯದು ಸರ್ಟಿಫಿಕೇಟ್. ಬಹಳ ಜನ ಎಡವುವುದು ಇಲ್ಲಿಯೇ. ಪ್ರತಿ ಕ್ಲಸ್ಟರ್ ಒಳಗೆ ಕ್ಯಾಟಲ್-ಕ್ಲಸ್ಟರ್-ಏಜೆಂಟ್ ಅನ್ನುವ ಪಾಡ್ ಇರುತ್ತದೆ. (ಎಲ್ಲೆಲ್ಲೂ ಈ ಕ್ಯಾಟಲ್ ಯಾಕೆ ಅಂತ ಹೊಸಬರು ಕೇಳುತ್ತಿರುತ್ತಾರೆ. ರ‍್ಯಾಂಚರ್‌ನ ಮೊದಲ ಆವೃತ್ತಿಗಳಲ್ಲಿ ಅವರದೇ ಆರ್ಕೆಸ್ಟ್ರೇಟರ್ (ಕುಬರ್ನೆಟಿಸ್ ಮಾಡುವ ಕೆಲಸವನ್ನೇ ಮಾಡುವ ವ್ಯವಸ್ಥೆ) ಇತ್ತು, ಅದರ ಹೆಸರು ಕ್ಯಾಟಲ್. 2018 ರಲ್ಲಿ 2.0 ಬಂದು ಎಲ್ಲವೂ ಕುಬರ್ನೆಟಿಸ್ ಆದಮೇಲೂ ಆ ಹೆಸರು ಉಳಿದುಕೊಂಡಿತು.) ಈ ಏಜೆಂಟ್‌ಗೆ ಗೊತ್ತಿರುವುದು ಮುಖ್ಯವಾಗಿ ಎರಡು ಸಂಗತಿ: ರ‍್ಯಾಂಚರ್‌ನ ವಿಳಾಸ, ಮತ್ತು ರ‍್ಯಾಂಚರ್‌ಗೆ ಖಾಸಗಿ ಸಿಎ ಇದ್ದರೆ ಅದರ ಚೆಕ್‌ಸಮ್ (ಬೆರಳಚ್ಚಿನಂಥ ಗುರುತು). ಏಜೆಂಟ್ ರ‍್ಯಾಂಚರ್ ಹತ್ತಿರ ಹೋಗಿ ಸಿಎ ಕೇಳುತ್ತದೆ, ತನ್ನಲ್ಲಿರುವ ಚೆಕ್‌ಸಮ್ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಸಂಪರ್ಕವನ್ನೇ ಮಾಡುವುದಿಲ್ಲ. ಹೊಸ ಕಡೆ ನೀವು ಹೊಸ ಸಿಎ ಹಾಕಿದರೆ 11 ಕ್ಲಸ್ಟರ್‌ಗಳೂ ಒಟ್ಟಿಗೆ ಬಾಗಿಲು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಹಳೆಯ ಸರ್ಟಿಫಿಕೇಟ್ ಮತ್ತು ಸಿಎಯನ್ನೇ ಕೊಂಡೊಯ್ಯಿರಿ. ಕ್ಯಾಟಲ್-ಸಿಸ್ಟಮ್ ನೇಮ್‌ಸ್ಪೇಸ್‌ನಲ್ಲಿ ಇನ್‌ಗ್ರೆಸ್‌ನ ಟಿಎಲ್‌ಎಸ್ ಸೀಕ್ರೆಟ್ ಮತ್ತು ಖಾಸಗಿ ಸಿಎ ಇದ್ದರೆ ಟಿಎಲ್‌ಎಸ್-ಸಿಎ ಸೀಕ್ರೆಟ್ ಇರುತ್ತವೆ, ಅವುಗಳ ಪ್ರತಿ ತೆಗೆದಿಡಿ. ರೀಸ್ಟೋರ್ ಆದಮೇಲೆ ಹೊಸ ಕಡೆ ಅವು ಇವೆಯಾ ನೋಡಿ. ಇಲ್ಲದಿದ್ದರೆ ರ‍್ಯಾಂಚರ್ ಹಾಕುವ ಮುಂಚೆ ಕೈಯಿಂದಲೇ ಸೇರಿಸಿ. ರ‍್ಯಾಂಚರೇ ಮಾಡಿಕೊಂಡ ಸರ್ಟಿಫಿಕೇಟ್ ಬಳಸುತ್ತಿದ್ದರೆ ಹೊಸ ಕಡೆಯೂ ಸರ್ಟಿಫಿಕೇಟ್ ನೋಡಿಕೊಳ್ಳುವ ಸರ್ಟ್-ಮ್ಯಾನೇಜರ್ ಬೇಕು.

ಹಿಂದಿನ ದಿನ ಮಾಡಬೇಕಾದದ್ದು ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಕೆಲಸ. ರ‍್ಯಾಂಚರ್ ಹೆಸರಿನ ಟಿಟಿಎಲ್ (ಆ ವಿಳಾಸವನ್ನು ಬೇರೆ ಯಂತ್ರಗಳು ನೆನಪಿಟ್ಟುಕೊಳ್ಳುವ ಅವಧಿ) ಒಂದು ದಿನ ಅಂತ ಇದ್ದರೆ ಅದನ್ನು 60 ಸೆಕೆಂಡಿಗೆ ಇಳಿಸಿ. ಹಳೆಯ ಟಿಟಿಎಲ್ ಕಳೆಯುವಷ್ಟು ಹೊತ್ತು ಮುಂಚೆಯೇ ಇಳಿಸಿರಬೇಕು. ಆ ಹೆಸರು ಲೋಡ್ ಬ್ಯಾಲೆನ್ಸರ್‌ಗೆ ತೋರಿಸುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಡಿಎನ್‌ಎಸ್ ಮುಟ್ಟುವುದೇ ಬೇಡ, ಹಿಂದಿರುವ ಯಂತ್ರಗಳನ್ನು ಬದಲಾಯಿಸಿದರೆ ಸಾಕು.

ಫೈರ್‌ವಾಲ್ ಟೀಮ್ ಜೊತೆಗೂ ಅದೇ ದಿನ ಮಾತಾಡಿ. ಏಜೆಂಟ್‌ಗಳೇ ಹೊರಗೆ ಹೊರಟು ರ‍್ಯಾಂಚರ್‌ನ 443 ಪೋರ್ಟಿಗೆ ವೆಬ್‌ಸಾಕೆಟ್ ಸುರಂಗ ತೆರೆಯುತ್ತವೆ. ಅಂದರೆ 11 ಕ್ಲಸ್ಟರ್‌ಗಳ ಕಡೆಯಿಂದಲೂ ಹೊಸ ಐಪಿಗೆ 443 ತೆರೆದಿರಬೇಕು. ಬರೀ ಕೇಳಿ ಬಿಡಬೇಡಿ. ಪ್ರತಿ ಕ್ಲಸ್ಟರ್‌ನ ಒಂದು ಪಾಡ್ ಒಳಗೆ ಹೋಗಿ ಕರ್ಲ್ ಕಮಾಂಡಿನಿಂದ ಆ ಐಪಿ ಸಿಗುತ್ತದಾ ನೋಡಿ. ಯಾವುದೋ ನೋಡ್‌ನ ಹೋಸ್ಟ್ಸ್ ಫೈಲಿನಲ್ಲಿ ಹಳೆಯ ಐಪಿ ಬರೆದಿಟ್ಟಿದ್ದಾರಾ ಅನ್ನುವುದನ್ನು ನೋಡ್ ಒಳಗೇ ಹೋಗಿ ನೋಡಿ, ಪಾಡ್ ಒಳಗಿನಿಂದ ಅದು ಗೊತ್ತಾಗುವುದಿಲ್ಲ.

ಈಗ ಸಾಗಿಸುವ ರಾತ್ರಿ. ಮೊದಲು ಎಲ್ಲ ಕ್ಲಸ್ಟರ್‌ಗಳೂ ಆ್ಯಕ್ಟಿವ್ ಅಂತ ತೋರಿಸುತ್ತಿವೆಯಾ ನೋಡಿ. ಯಾವುದೇ ನೋಡ್ ಹುಟ್ಟುತ್ತಾ ಅಥವಾ ಸಾಯುತ್ತಾ ಇರಬಾರದು. ಅರ್ಧ ಆದ ಕೆಲಸ ಬ್ಯಾಕಪ್‌ನಲ್ಲಿ ಅರ್ಧವಾಗಿಯೇ ಉಳಿಯುತ್ತದೆ. ಆಮೇಲೆ ಕೊನೆಯ ಬ್ಯಾಕಪ್ ತೆಗೆಯಿರಿ, ಅದು ಮುಗಿದಿದೆ ಅಂತ ಆಪರೇಟರ್ ಲಾಗ್ ಓದಿ, ಫೈಲ್ ಎಸ್3ನಲ್ಲಿ ಬಂದಿದೆಯಾ ಕಣ್ಣಾರೆ ನೋಡಿ. ಅದಾದ ತಕ್ಷಣ ಹಳೆಯ ಕ್ಲಸ್ಟರ್‌ನಲ್ಲಿ ರ‍್ಯಾಂಚರ್ ಡಿಪ್ಲಾಯ್‌ಮೆಂಟನ್ನು ಸೊನ್ನೆ ರೆಪ್ಲಿಕಾಗೆ ಇಳಿಸಿ, ಅಂದರೆ ಅದರ ಒಂದು ಪ್ರತಿಯೂ ಓಡದಂತೆ ಮಾಡಿ.

ಈ ಸೊನ್ನೆಗೆ ಇಳಿಸುವ ಹೆಜ್ಜೆಯನ್ನು ನಾನು ಮೊದಲ ಸಲ ಮಾಡಿರಲಿಲ್ಲ. ಆಗ ನಾನಿದ್ದ ಕಂಪನಿಯಲ್ಲಿ ಹೊಸದು ಪೂರ್ತಿ ಎದ್ದ ಮೇಲೆ ಹಳೆಯದನ್ನು ನಿಲ್ಲಿಸೋಣ, ಅದೇ ಸುರಕ್ಷಿತ ಅಂದುಕೊಂಡಿದ್ದೆವು. ಡಿಎನ್‌ಎಸ್ ಬದಲಾಯಿಸಿದೆವು. ಕೆಲವು ಕ್ಲಸ್ಟರ್ ಹೊಸದಕ್ಕೆ ಬಂದವು, ಕೆಲವು ಹಳೆಯದರಲ್ಲೇ ಉಳಿದವು. ಕಾರಣ ಆಮೇಲೆ ತಿಳಿಯಿತು. ಏಜೆಂಟ್ ಒಮ್ಮೆ ಸುರಂಗ ತೆರೆದ ಮೇಲೆ ಅದು ಮುರಿಯುವವರೆಗೂ ಡಿಎನ್‌ಎಸ್ ಅನ್ನು ಮತ್ತೆ ಕೇಳುವುದಿಲ್ಲ. ಹಳೆಯ ರ‍್ಯಾಂಚರ್ ಜೀವಂತ ಇದ್ದುದರಿಂದ ಸುರಂಗ ಮುರಿಯಲೇ ಇಲ್ಲ. ಬೆಳಗ್ಗೆ ಒಬ್ಬ ಸಹೋದ್ಯೋಗಿ ಹಳೆಯದರಲ್ಲಿ ಹೊಸಬರಿಗೆ ಅಧಿಕಾರ ಕೊಟ್ಟರು, ಇನ್ನೊಬ್ಬರು ಹೊಸದರಲ್ಲಿ ಒಂದು ಪ್ರಾಜೆಕ್ಟ್ ಅಳಿಸಿದರು. ಎರಡು ಪುಸ್ತಕ, ಎರಡರಲ್ಲೂ ಬರಹ. ಯಾವುದು ನಿಜ ಅಂತ ಕೂಡಿಸಲು ನಮಗೆ ಮೂರು ದಿನ ಬೇಕಾಯಿತು. ಹಳೆಯದನ್ನು ಮೊದಲೇ ನಿಲ್ಲಿಸಿದ್ದರೆ ಸುರಂಗಗಳು ಒಟ್ಟಿಗೆ ಮುರಿಯುತ್ತಿದ್ದವು, ಏಜೆಂಟ್‌ಗಳು ಮತ್ತೆ ಹೆಸರು ಕೇಳಿ ಹೊಸ ವಿಳಾಸಕ್ಕೆ ತಾವೇ ಬರುತ್ತಿದ್ದವು.

ಹೊಸ ಕ್ಲಸ್ಟರ್‌ನಲ್ಲಿ ಕೆಲಸದ ಕ್ರಮ ಮುಖ್ಯ. ಅಲ್ಲಿ ರ‍್ಯಾಂಚರ್ ಇನ್ನೂ ಇರಬಾರದು. ಖಾಲಿ ರ‍್ಯಾಂಚರ್ ಹಾಕಿ ಅದರ ಮೇಲೆ ರೀಸ್ಟೋರ್ ಮಾಡೋಣ ಅನ್ನುವುದು ಸಹಜವಾಗಿ ಬರುವ ಯೋಚನೆ, ಆದರೆ ಅದರಿಂದ ತೊಂದರೆ ಆಗುತ್ತದೆ. ಮೊದಲು ಬ್ಯಾಕಪ್ ಆಪರೇಟರ್‌ನ ಸಿಆರ್‌ಡಿ (ಅದು ಬಳಸುವ ಹೊಸ ಬಗೆಯ ವಸ್ತುಗಳ ವಿವರ) ಚಾರ್ಟ್, ಆಮೇಲೆ ಆಪರೇಟರ್ ಚಾರ್ಟ್. ನಂತರ ಎಸ್3 ಸೀಕ್ರೆಟ್ ಮತ್ತು ಎನ್‌ಕ್ರಿಪ್ಶನ್ ಸೀಕ್ರೆಟ್, ಎರಡನ್ನೂ ಕೈಯಿಂದ ಹಾಕಿ. ಆಮೇಲೆ ರೀಸ್ಟೋರ್ ಅನ್ನುವ ಪುಟ್ಟ ಯಾಮಲ್ ಫೈಲ್ ಬರೆಯಿರಿ. ಅದರಲ್ಲಿ ಬ್ಯಾಕಪ್ ಫೈಲಿನ ಪೂರ್ತಿ ಹೆಸರು, ಸ್ಟೋರೇಜ್ ವಿವರ, ಎನ್‌ಕ್ರಿಪ್ಶನ್ ಸೀಕ್ರೆಟ್‌ನ ಹೆಸರು ಇರಬೇಕು. ಜೊತೆಗೆ ಪ್ರೂನ್ ಅನ್ನುವುದನ್ನು ಫಾಲ್ಸ್ ಅಂತ ಬರೆಯಲು ಮರೆಯಬೇಡಿ. ನೀವು ಬರೆಯದಿದ್ದರೆ ಅದು ಟ್ರೂ ಆಗಿರುತ್ತದೆ. ಬ್ಯಾಕಪ್‌ನಲ್ಲಿ ಇಲ್ಲದ ರ‍್ಯಾಂಚರ್ ವಸ್ತುಗಳನ್ನು ಹುಡುಕಿ ಅಳಿಸುವುದು ಪ್ರೂನ್ ಕೆಲಸ. ಅದೇ ಕ್ಲಸ್ಟರ್‌ನಲ್ಲಿ ಹಿಂದಿನ ಸ್ಥಿತಿಗೆ ಹೋಗುವಾಗ ಅದು ಬೇಕು, ಹೊಸ ಮನೆಗೆ ಹೋಗುವಾಗ ಬೇಡ.

ರೀಸ್ಟೋರ್ ಓಡುವಾಗ ಆಪರೇಟರ್ ಪಾಡ್‌ನ ಲಾಗನ್ನು ನೋಡುತ್ತಾ ಕೂತಿರಿ. ಮುಗಿದಿದೆ ಅಂತ ಬಂದ ಮೇಲೆ ಸರ್ಟಿಫಿಕೇಟ್ ಸೀಕ್ರೆಟ್‌ಗಳನ್ನು ನೋಡಿ, ಬೇಕಿದ್ದರೆ ಸರ್ಟ್-ಮ್ಯಾನೇಜರ್ ಹಾಕಿ, ಕೊನೆಗೆ ಹೆಲ್ಮ್‌ನಲ್ಲಿ ಅದೇ ಆವೃತ್ತಿಯ ರ‍್ಯಾಂಚರನ್ನು ಅದೇ ವ್ಯಾಲ್ಯೂಗಳ ಜೊತೆ ಹಾಕಿ. ಪಾಡ್‌ಗಳು ಎದ್ದ ಮೇಲೆ ಡಿಎನ್‌ಎಸ್ ತಿರುಗಿಸುವ ಮುಂಚೆ ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲಿನಲ್ಲಿ ಮಾತ್ರ ಹೊಸ ಐಪಿ ಹಾಕಿ ಲಾಗಿನ್ ಆಗಿ. ಹಳೆಯ ಪಾಸ್‌ವರ್ಡ್ ಕೆಲಸ ಮಾಡಬೇಕು, 11 ಕ್ಲಸ್ಟರ್‌ಗಳ ಹೆಸರೂ ಕಾಣಬೇಕು. ಅವು ಸಿಗುತ್ತಿಲ್ಲ ಅಂತ ತೋರಿಸಿದರೆ ಗಾಬರಿ ಬೇಡ, ಏಜೆಂಟ್‌ಗಳಿಗೆ ಹೊಸ ವಿಳಾಸ ಇನ್ನೂ ಗೊತ್ತಾಗಿಲ್ಲ. ಸಿಎ ಚೆಕ್‌ಸಮ್ ಹಳೆಯದಕ್ಕೆ ಹೊಂದುತ್ತದಾ ಈಗಲೇ ನೋಡಿಬಿಡಿ. ಆಮೇಲೆ ಡಿಎನ್‌ಎಸ್ ತಿರುಗಿಸಿ. ಕೆಲವೇ ನಿಮಿಷಗಳಲ್ಲಿ ಕ್ಲಸ್ಟರ್‌ಗಳು ಒಂದೊಂದಾಗಿ ಹಸಿರಾಗುತ್ತಾ ಬರುತ್ತವೆ. ಎಷ್ಟು ಸಲ ಮಾಡಿದರೂ ಆ ಹೊತ್ತಿನಲ್ಲಿ ನನಗೆ ಎದೆ ಬಡಿದುಕೊಳ್ಳುತ್ತದೆ.

ಒಂದೆರಡು ಬರಲೇ ಇಲ್ಲ ಅಂದರೆ ನೇರ ಕ್ಯೂಬ್‌ಕಾನ್ಫಿಗ್ ಹಿಡಿದು ಆ ಕ್ಲಸ್ಟರ್‌ಗೆ ಹೋಗಿ ಏಜೆಂಟ್‌ನ ಲಾಗ್ ಓದಿ. ಹೆಸರು ಸಿಗುತ್ತಿಲ್ಲ ಅಂದರೆ ಡಿಎನ್‌ಎಸ್, ಟೈಮ್‌ಔಟ್ ಅಂದರೆ ಫೈರ್‌ವಾಲ್, ಸರ್ಟಿಫಿಕೇಟ್ ಹೊಂದುತ್ತಿಲ್ಲ ಅಂದರೆ ಸಿಎ. ನಾನು ಕಂಡ ಹೆಚ್ಚಿನ ತೊಂದರೆಗಳು ಈ ಮೂರರಲ್ಲೇ ಮುಗಿದಿವೆ.

ಎಲ್ಲ ಹಸಿರಾದ ಮೇಲೂ ಮಲಗಲು ಹೋಗುವ ಮುಂಚೆ ಕೆಲವನ್ನು ನೋಡಿ. ಸಾಮಾನ್ಯ ಡೆವಲಪರ್ ಒಬ್ಬರ ಲಾಗಿನ್‌ನಿಂದ ಒಳಗೆ ಹೋಗಿ, ಅವರಿಗೆ ಅವರ ಪ್ರಾಜೆಕ್ಟ್ ಮಾತ್ರ ಕಾಣುತ್ತದಾ ನೋಡಿ. ಹಳೆಯ ಕ್ಯೂಬ್‌ಕಾನ್ಫಿಗ್ ಬದಲಾಯಿಸದೆ ಕೆಲಸ ಮಾಡುತ್ತದಾ ನೋಡಿ. ಮಾಡಿದರೆ ದಾರ ಕಡಿದಿಲ್ಲ ಅಂತ ಅರ್ಥ. ವಿಸ್ಫಿಯರ್ ಕ್ಲಸ್ಟರ್ ಒಂದಕ್ಕೆ, ಮುಖ್ಯವಲ್ಲದ ಒಂದಕ್ಕೆ, ಅಪ್ಲಿಕೇಶನ್ ಓಡಿಸುವ ಒಂದು ವರ್ಕರ್ ನೋಡ್ ಸೇರಿಸಿ ಮತ್ತೆ ತೆಗೆಯಿರಿ. ಬ್ಯಾಕಪ್ ವೇಳಾಪಟ್ಟಿ ಹೊಸ ಕಡೆ ಸರಿಯಾಗಿ ಇದೆಯಾ ನೋಡಿ, ಇಲ್ಲದಿದ್ದರೆ ಅಂದೇ ಹಾಕಿ.

ತಿರುಗಿ ಹೋಗುವ ದಾರಿಯೂ ಇದೆ. ಏನೂ ಸರಿಹೋಗದಿದ್ದರೆ ಹೊಸ ರ‍್ಯಾಂಚರನ್ನು ಸೊನ್ನೆಗೆ ಇಳಿಸಿ, ಡಿಎನ್‌ಎಸ್ ಹಿಂದಕ್ಕೆ ತಿರುಗಿಸಿ, ಹಳೆಯದನ್ನು ಮೂರಕ್ಕೆ ಏರಿಸಿ. ಹತ್ತು ನಿಮಿಷದ ಕೆಲಸ. ಆದರೆ ಈ ದಾರಿ ತೆರೆದಿರುವುದು ಹೊಸದರಲ್ಲಿ ಯಾರೂ ಏನೂ ಬದಲಾಯಿಸದೆ ಇರುವಷ್ಟು ಹೊತ್ತು. ಆದ್ದರಿಂದ ಎಷ್ಟು ಗಂಟೆಗೆ ಕೊನೆಯ ತೀರ್ಮಾನ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮೊದಲು ಒಂದು ರಿಹರ್ಸಲ್ ಮಾಡಿ ನೋಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಷರತ್ತು ಇದೆ. ರಿಹರ್ಸಲ್ ಕ್ಲಸ್ಟರ್‌ನಿಂದ ವಿಸ್ಫಿಯರ್‌ಗಾಗಲಿ ನಿಮ್ಮ ನೋಡ್‌ಗಳಿಗಾಗಲಿ ದಾರಿ ಇರಬಾರದು. ಬ್ಯಾಕಪ್ ಒಳಗೆ ವಿಸ್ಫಿಯರ್‌ನ ನಿಜವಾದ ಪಾಸ್‌ವರ್ಡ್ ಇದೆ. ಎದ್ದ ರ‍್ಯಾಂಚರ್‌ಗೆ ತಾನು ರಿಹರ್ಸಲ್ ಅಂತ ಗೊತ್ತಿರುವುದಿಲ್ಲ. ಏಜೆಂಟ್‌ಗಳು ಸಿಗುತ್ತಿಲ್ಲ, ಯಂತ್ರ ಕೆಟ್ಟಿದೆ ಅಂದುಕೊಂಡು ನಿಜವಾದ ಯಂತ್ರಗಳ ಮೇಲೆ ಕೈ ಹಾಕುವ ಸಾಧ್ಯತೆಯನ್ನು ನೆಟ್‌ವರ್ಕ್ ಮಟ್ಟದಲ್ಲೇ ಮುಚ್ಚಿಬಿಡಿ.

ಹೋಸ್ಟ್‌ನೇಮ್ ಬಗ್ಗೆ ಕೇಳಿದ್ದಿರಿ. ಈಗ ಬೇಡ. ಮೇಲೆ ಹೇಳಿದ್ದೆಲ್ಲ ಕೆಲಸ ಮಾಡುವುದು ಏಜೆಂಟ್‌ಗಳಿಗೆ ಗೊತ್ತಿರುವ ವಿಳಾಸ ಬದಲಾಗದೆ ಉಳಿದಾಗ. ಬದಲಾಯಿಸಿದರೆ ಪ್ರತಿ ಕ್ಲಸ್ಟರ್‌ಗೂ ಹೋಗಿ ಏಜೆಂಟ್‌ಗೆ ಹೊಸ ವಿಳಾಸ ಹೇಳಿಕೊಡಬೇಕು. ಆರ್‌ಕೆಇ2 ನೋಡ್‌ಗಳ ಮೇಲೆ ಓಡುವ ಸಿಸ್ಟಮ್ ಏಜೆಂಟ್‌ಗೂ ಹೇಳಬೇಕು. ಕಂಪನಿಯ ಹೆಸರು ಬದಲಾದ ಹಾಗೆ ನಿಜವಾದ ಕಾರಣ ಇದ್ದರೆ ಒಂದೆರಡು ತಿಂಗಳ ನಂತರ ಅದನ್ನೇ ಬೇರೆ ಕೆಲಸವಾಗಿ ಇಟ್ಟುಕೊಳ್ಳಿ.

ಹಳೆಯ ಕ್ಲಸ್ಟರನ್ನು ಎರಡು ವಾರ ಹಾಗೇ ಬಿಡಿ, ರ‍್ಯಾಂಚರ್ ಸೊನ್ನೆಯಲ್ಲೇ ಇರಲಿ. ಆಮೇಲೆ ತೆಗೆಯುವಾಗ ನೇರವಾಗಿ ಆ ಮೂರು ಯಂತ್ರಗಳನ್ನು ಆಫ್ ಮಾಡಿ ಅಳಿಸಿ. ಸ್ವಚ್ಛ ಮಾಡಿಯೇ ಬಿಡೋಣ ಅಂತ ಯಾರಾದರೂ ಹಳೆಯ ರ‍್ಯಾಂಚರನ್ನು ಎಬ್ಬಿಸಿ, ಅದರಲ್ಲಿ ಕಾಣುವ ಕ್ಲಸ್ಟರ್‌ಗಳನ್ನು ಡಿಲೀಟ್ ಒತ್ತುತ್ತಾ ಹೋಗದಂತೆ ನೋಡಿಕೊಳ್ಳಿ. ಆ ಹಳೆಯ ಪುಸ್ತಕದಲ್ಲೂ ವಿಸ್ಫಿಯರ್ ಪಾಸ್‌ವರ್ಡ್ ಇನ್ನೂ ಇದೆ. ಅಲ್ಲಿ ಡಿಲೀಟ್ ಒತ್ತಿದರೆ ಅಳಿಯುವುದು ದಾಖಲೆ ಮಾತ್ರ ಅಲ್ಲ, ನಿಮ್ಮ ಅಪ್ಲಿಕೇಶನ್ ಓಡುತ್ತಿರುವ ಯಂತ್ರಗಳೇ ಅಳಿಯುತ್ತವೆ. ಹೊಸದು ನೆಲೆ ನಿಂತ ಮೇಲೆ ವಿಸ್ಫಿಯರ್ ಪಾಸ್‌ವರ್ಡ್ ಬದಲಾಯಿಸಿ, ಹೊಸ ರ‍್ಯಾಂಚರ್‌ನ ಕ್ಲೌಡ್ ಕ್ರೆಡೆನ್ಶಿಯಲ್‌ನಲ್ಲಿ ಮಾತ್ರ ಅದನ್ನು ಹಾಕಿ. ಹಳೆಯ ಯಂತ್ರಗಳನ್ನು ಅಳಿಸುವುದು ಅದಾದ ಮೇಲೆ.